ಮಣಿಗೆ ಕೊಟ್ಟ ಗಂಜಿ

ಅದು 1984ರ ಬೇಸಿಗೆ ರಜೆ. ಎಂ.ಎ. ಮೊದಲ ವರ್ಷ ಮುಗಿಸಿ ಪೀಳಮೇಡಿನ ಹಾಸ್ಟೆಲಿನಿಂದ ಮನೆಗೆ ಬಂದಿದ್ದೆ. ತಮಿಳು ಸೀಮೆಯಲ್ಲಿ, ಪೆರಿಯನಾಯಕನಪಾಳ್ಯಂ ಆಚೆ, ನಮ್ಮದು ಕನ್ನಡ ಮಾತಾಡುವ ನೇಕಾರರ ಬೀದಿ. ಇಸವಿ ದಿನಚರಿಯಲ್ಲಿದೆ. ಉಳಿದದ್ದು ನೆನಪು, ಅದನ್ನು ನಾನು ಪೂರ್ತಿ ನಂಬುವುದಿಲ್ಲ.

ತಾತನ ನಾಯಿ ಮಣಿಗೆ ಎರಡು ದಿನದಿಂದ ಭೇದಿಯಾಗುತ್ತಿತ್ತು. ಅಜ್ಜಿ ಹೋದ ಮೇಲೆ ತಾತ ಹೆಚ್ಚು ಮಾತಾಡುತ್ತಿದ್ದದ್ದು ಅದರ ಜೊತೆಗೇ. ಅವರು ಮಗ್ಗದಲ್ಲಿ ಕೂತರೆ ಅದು ಪಕ್ಕದಲ್ಲೇ ಮಲಗಿರುತ್ತಿತ್ತು.

"ಒಂದಿನ ಹೊಟ್ಟೆ ಕಾಯ್ಲಿ ಬುಡು, ಸರಿಯಾಗ್ತದೆ" ಎಂದರು ತಾತ.

"ಮೈಯಾಗಿನ ನೀರೆಲ್ಲ ಹೋದ್ರೆ ಸತ್ತೇ ಹೋಗ್ತದೆ ತಾತಾ. ಉಪ್ಪು ಸಕ್ಕರೆ ಹಾಕಿ ಗಂಜಿ ಕುಡಿಸ್ಬೇಕು."

ತಾತ ನಕ್ಕರು. "ಲೇ ಮಣಿ, ಎದ್ದು ವಣಕ್ಕಂ ಹೇಳು. ಡಾಕ್ಟ್ರಮ್ಮ ಬಂದವ್ಳೆ!"

ನಡುಮನೆಯ ಮೂಲೆಯ ಮಡಕೆಯಲ್ಲಿ ಅಕ್ಕಿಗಂಜಿ ಇತ್ತು. ತಿಳಿ ಬಸಿದು, ಉಪ್ಪು ಸಕ್ಕರೆ ಕದಡಿ, ಬಟ್ಟಲಲ್ಲಿ ಇಟ್ಟೆ. ಮಣಿ ಮುಖ ತಿರುಗಿಸಿತು. ನಾನು ಅದರ ದವಡೆ ಹಿಡಿದು ಹೊಯ್ದೆ. ಗಂಟೆಗೊಮ್ಮೆ, ನಾಲ್ಕು ಸಲ.

ಮಧ್ಯಾಹ್ನದ ಹೊತ್ತಿಗೆ ನೀಲಿ ಬೆರೆತ ಹಸಿರು ವಾಂತಿ ಶುರುವಾಯಿತು. ತಾತ ನೀರು ತರಲು ಬಾವಿಗೆ ಹೋಗಿದ್ದರು. ಆಗಲೇ ಅಮ್ಮ ಮೂಲೆಯಿಂದ ಕೂಗಿದರು. "ಯಾರು ಇದರಾಗ ಕೈ ಹಾಕಿದ್ದು? ನಾಳೆ ನೂಲಿಗೆ ಅಂತ ಮಡಗಿದ್ದು!"

ಮಗ್ಗಕ್ಕೆ ಏರಿಸುವ ನೂಲು ಗಟ್ಟಿಯಾಗಲೆಂದು ಗಂಜಿ ಹಾಕುತ್ತೇವೆ. ಬೂಷ್ಟು ಹಿಡಿಯದಂತೆ ಆ ಗಂಜಿಗೆ ಮೈಲುತುತ್ತ ಬೆರೆಸುತ್ತಾರೆ. ಅದು ವಿಷ. ಬೆರೆಸಿದ ಕೂಡಲೇ ಮಡಕೆಯ ಬಾಯಿಗೆ ಅಡ್ಡಲಾಗಿ ಎಲೆಯಿರುವ ಬೇವಿನ ಕಡ್ಡಿಯೊಂದನ್ನು ಇಡುವುದು ನಮ್ಮ ಬೀದಿಯ ಪದ್ಧತಿ. ಕಡ್ಡಿಯಿದ್ದರೆ ಮುಟ್ಟಬಾರದೆಂದು ಅಂಬೆಗಾಲಿಡುವ ಕೂಸನ್ನು ಬಿಟ್ಟರೆ ಎಲ್ಲರಿಗೂ ಗೊತ್ತು.

"ಕಡ್ಡಿ ಇರ್ಲಿಲ್ವಾ ಕಣ್ಣು?" ಅಮ್ಮ ದನಿ ತಗ್ಗಿಸಿ, ನನ್ನ ಮುದ್ದಿನ ಹೆಸರು ಹಿಡಿದೇ ಕೇಳಿದರು.

"ಇರ್ಲಿಲ್ಲ" ಎಂದೆ.

ತಾತ ಬಂದು ಮಣಿಯನ್ನು ಟವೆಲಿನಲ್ಲಿ ಸುತ್ತಿ ಎತ್ತಿಕೊಂಡರು. ಪಶುವೈದ್ಯರ ಬಳಿಗೆ ನಾನೂ ಹೋದೆ. "ಎನ್ನ ಕುಡುತ್ತೀಂಗ?" ಏನು ಕೊಟ್ಟಿರಿ ಎಂದು ಅವರು ತಮಿಳಿನಲ್ಲಿ ಕೇಳಿದರು. ತಾತ ನನ್ನತ್ತ ನೋಡಿದರು.

"ಗಂಜಿ" ಎಂದೆ.

"ಬೇರೆ ಏನಾದರೂ?"

"ಇಲ್ಲ."

ಅವರು ಭೇದಿಗೆ ಇಂಜೆಕ್ಷನ್ ಕೊಟ್ಟು ಕಳಿಸಿದರು. ನಿಜ ಹೇಳಿದ್ದರೆ ಬೇರೆ ಔಷಧಿ ಇತ್ತೇ? ಆಗಲೂ ಕೇಳಲಿಲ್ಲ, ಆಮೇಲೂ ಯಾರನ್ನೂ ಕೇಳಲಿಲ್ಲ.

ಸಂಜೆ ದೀಪ ಹಚ್ಚುವ ಮುಂಚೆ ಮಣಿ ಮಗ್ಗದ ಪಕ್ಕದಲ್ಲೇ ಸತ್ತಿತು. ತಾತ ಅದರ ಕಿವಿಯನ್ನು ಸವರುತ್ತಾ ಕೂತಿದ್ದರು. "ನೀ ಎಷ್ಟು ಪಾಡು ಪಟ್ಟೆ ಕಣ್ಣು" ಎಂದರು ನನಗೆ. "ನಂಗಾದ್ರೆ ಹಂಗೆ ನೋಡ್ಕೊಳ್ಳೋಕೆ ಬರ್ತಿರ್ಲಿಲ್ಲ." ಅಮ್ಮ ಒಳಗೆ ಹೋದರು.

ತಾತ ಹೋಗಿ ಬಹಳ ವರ್ಷಗಳಾದವು. ಅವರಿಗೆ ನಾವು ಹೇಳಲೇ ಇಲ್ಲ.

ಆಗ ನನಗೆ ಕನ್ನಡ ಬರೆಯಲು ಬರುತ್ತಿರಲಿಲ್ಲ, ದಿನಚರಿ ತಮಿಳಿನಲ್ಲಿದೆ. ಆ ದಿನದ ಪುಟದಲ್ಲಿ ಒಂದೇ ಸಾಲು: ಮಣಿ ಭೇದಿಯಿಂದ ಸತ್ತಿತು. ಕಡ್ಡಿಯ ಮಾತಿಲ್ಲ. ಕೆಲವು ಸಲ ನೆನಪಿನಲ್ಲಿ ಮಡಕೆಯ ಬಾಯಿ ಬರಿದಾಗಿರುತ್ತದೆ. ಕೆಲವು ಸಲ ಕಡ್ಡಿ ಇರುತ್ತದೆ, ಎಲೆಗಳು ಇನ್ನೂ ಬಾಡಿರುವುದಿಲ್ಲ. ಸೌಟು ಅದ್ದಲು ಅಡ್ಡವಾಯಿತೆಂದು ಒಂದು ಕೈ ಅದನ್ನು ಎತ್ತಿ ಪಕ್ಕಕ್ಕಿಡುತ್ತದೆ. ಆ ಕೈಯಲ್ಲಿ ನನ್ನ ಬಳೆಗಳಿರುತ್ತವೆ.