ಬಾಪ್ಪುವಿನ ಹಾಡು, ಲೀನಾಳ ಸ್ವರ

ಈಚೆಗೆ ಮಣಿಪಾಲದ ಗೆಳತಿಯೊಬ್ಬಳ ಮನೆಯಲ್ಲಿ ಹಳೆಯ ಪಿಯಾನೋದ ಮುಚ್ಚಳ ತೆರೆದರು. ನುಸಿಗುಳಿಗೆ, ಹಳೆಯ ಮರ, ತೇವ ಹಿಡಿದ ಉಣ್ಣೆ ಎಲ್ಲವೂ ಸೇರಿದ ಆ ವಾಸನೆ ಮೂಗಿಗೆ ತಾಗಿದ್ದೇ ತಡ, ನಾನು ಕಾಪು ಬಳಿಯ ಇನ್ನಂಜೆಯ ಮನೆಯೊಳಗೆ ನಿಂತಿದ್ದೆ. ಆ ಮನೆ ಈಗಿಲ್ಲ. ಕಣ್ಣೆದುರಿನಿಂದ ಹೋದ ಮನೆ ಮೂಗಿನಲ್ಲಿ ಎಷ್ಟು ಕಾಲ ಉಳಿಯುತ್ತದೆ ಎಂಬುದು ಅಂಥದ್ದೊಂದನ್ನು ಕಳೆದುಕೊಂಡ ನಿಮಗೂ ಗೊತ್ತಿದ್ದೀತು. ಅಪ್ಪ ಅಮ್ಮ ಮಸ್ಕತ್ತಿನಲ್ಲಿದ್ದ ಕಾರಣ ನಾನು ಬೆಳೆದದ್ದು ಅಮ್ಮನ ತಂಗಿಯ ಬಳಿ. ನಮ್ಮ ಕೊಂಕಣಿಯಲ್ಲಿ ಅವರು ನನಗೆ ಮಾವ್ಶಿ, ಅವರ ಗಂಡ ಬಾಪ್ಪು. ಅವರ ಒಬ್ಬಳೇ ಮಗಳು ಲೀನಾ ನನಗಿಂತ ಐದು ವರ್ಷ ದೊಡ್ಡವಳು.

ಬಾಪ್ಪು ಹದಿನೆಂಟು ವರ್ಷ ಮುಂಬಯಿಯ ಹೋಟೆಲೊಂದರಲ್ಲಿ ಪಿಯಾನೋ ನುಡಿಸಿದವರು. ಊಟಕ್ಕೆ ಬಂದವರು ತಟ್ಟೆಯಿಂದ ತಲೆ ಎತ್ತದಿದ್ದರೂ ಇವರು ಕೋಟು ತೊಟ್ಟು ಬೆನ್ನು ನೆಟ್ಟಗೆ ಮಾಡಿ ನುಡಿಸಬೇಕಿತ್ತು. ಬಿಡುವಿನಲ್ಲಿ ಮೆನು ಕಾರ್ಡಿನ ಹಿಂಬದಿಯಲ್ಲಿ ಕೊಂಕಣಿ ಹಾಡು ಬರೆಯುತ್ತಿದ್ದರು. ಸ್ಪೀಕರುಗಳು ಬಂದ ಮೇಲೆ ಹೋಟೆಲಿಗೆ ಇವರೂ ಬೇಡವಾದರು, ಪಿಯಾನೋವೂ ಬೇಡವಾಯಿತು. ಎರಡೂ ಒಂದೇ ಲಾರಿಯಲ್ಲಿ ಊರಿಗೆ ಬಂದವು. ಊರಿನಲ್ಲಿ ಬಾಪ್ಪು ಇಗರ್ಜಿಯಲ್ಲಿ ನುಡಿಸಿದರು, ನಾಲ್ಕು ಮಕ್ಕಳಿಗೆ ಕಲಿಸಿದರು. ಮನೆ ನಡೆಸಿದ್ದು ಮಾವ್ಶಿಯ ಮಲ್ಲಿಗೆ ಗಿಡಗಳು. ಬೆಳಿಗ್ಗೆ ನಾವು ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟಲು ಕುಳಿತರೆ, ಒಳಗಿನಿಂದ ಒಂದೇ ಸಾಲು ಇಪ್ಪತ್ತು ಸಲ ಕೇಳಿಸುತ್ತಿತ್ತು. ಆಮೇಲೆ ಬಾಪ್ಪು, "ಲೀನಾ, ಇದನ್ನೊಮ್ಮೆ ಹಾಡು ನೋಡುವ" ಎನ್ನುತ್ತಿದ್ದರು. ಅವಳು ಹೂವಿನಿಂದ ಕೈ ತೆಗೆಯದೆ ಹಾಡುತ್ತಿದ್ದಳು. ಮಾವ್ಶಿಯ ಬೆರಳುಗಳು ತಾವಾಗಿಯೇ ನಿಧಾನವಾಗುತ್ತಿದ್ದವು.

ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ ಉಡುಪಿಯ ರೆಕಾರ್ಡಿಂಗ್ ಕೋಣೆಯೊಂದು ಅವರಿಗೆ ಒಂದೇ ದಿನದ ಮಟ್ಟಿಗೆ ಸಿಕ್ಕಿತು. ಎಂಟು ಹಾಡುಗಳ ಕ್ಯಾಸೆಟ್. "ಸಾಯುವ ಮೊದಲು ನನ್ನ ಹಾಡನ್ನು ಯಾರಾದರೂ ತಲೆ ಎತ್ತಿ ಕೇಳಬೇಕು, ಅಲ್ವಾ?" ಎಂದು ಬಾಪ್ಪು ಮಗುವಿನಂತೆ ನಕ್ಕಿದ್ದರು. ಅದಕ್ಕೆ ಎರಡು ದಿನ ಮೊದಲು, ನಾನು ಶಾಲೆಯಿಂದ ಬಂದಾಗ, ಲೀನಾ ಹಾಸಿಗೆಯಲ್ಲಿ ಮುದುಡಿ ಮಲಗಿದ್ದಳು. ಅವಳ ಕೈ ಕೆಂಡದ ಹಾಗೆ ಸುಡುತ್ತಿತ್ತು. "ಕಾಲೆಲ್ಲ ನೋಯುತ್ತದೆ. ಪಪ್ಪನಿಗೆ ಹೇಳಬೇಡ ಆಯಿತಾ? ಹಾಡಿ ಬಂದ ಮೇಲೆ ಮಲಗಿದರಾಯಿತು" ಎಂದಳು. ನಾನು ಶಿಲುಬೆಯ ಗುರುತು ಮಾಡಿ ಮಾತು ಕೊಟ್ಟೆ.

ರೆಕಾರ್ಡಿಂಗಿಗೆ ಅವರೊಟ್ಟಿಗೆ ನಾನೂ ಹೋಗಿದ್ದೆ. ಏಳನೆಯ ಹಾಡಿನಲ್ಲಿ ಅವಳ ಸ್ವರ ಒಡೆಯಿತು. "ಸಾಕು ಪಪ್ಪಾ" ಎಂದಳು. "ಇನ್ನೊಂದೇ ಉಂಟು ಮಗಳೇ. ಮುಗಿಸಿ ಹೋಗುವ" ಎಂದರು ಬಾಪ್ಪು, ಪಿಯಾನೋದಿಂದ ಕಣ್ಣು ತೆಗೆಯದೆ. ಎಂಟನೆಯದನ್ನು ಅವಳು ಗೋಡೆ ಹಿಡಿದು ಹಾಡಿದಳು. ಅವಳು ಅಷ್ಟು ಚೆನ್ನಾಗಿ ಹಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಕಾಪುವಿಗೆ ಮರಳುವ ಬಸ್ಸಿನಲ್ಲಿ ನನ್ನ ಹೆಗಲಿಗೆ ತಲೆಯಿಟ್ಟಾಗ ಅವಳ ಕಣ್ಣಿನ ಬಿಳುಪು ಹಳದಿಯಾಗಿತ್ತು. ಮರುದಿನ ಮಣಿಪಾಲಕ್ಕೆ ಒಯ್ದರು. ಇಲಿಜ್ವರ. ಗದ್ದೆಯ ನೀರಿನಲ್ಲಿ ಬರಿಗಾಲಲ್ಲಿ ನಡೆದು ಬಂದದ್ದಿರಬೇಕು ಎಂದರು ಡಾಕ್ಟರು. ಎರಡು ದಿನ ಮೊದಲು ತಂದಿದ್ದರೆ ನೋಡಬಹುದಿತ್ತು ಎಂದೂ ಹೇಳಿದರು. ಐದನೆಯ ದಿನ ಲೀನಾ ಹೋದಳು. ಅವಳ ಮರಣದ ಪೂಜೆಯಲ್ಲಿ ಸಂಗೀತವಿರಲಿಲ್ಲ. ನುಡಿಸಬೇಕಾದವರು ಮೊದಲ ಬೆಂಚಿನಲ್ಲಿ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟು ಕುಳಿತಿದ್ದರು.

ಕ್ಯಾಸೆಟ್ ಹೊರಬಂತು. ಆ ಎಂಟನೆಯ ಹಾಡು ಕಾಪುವಿನಿಂದ ಕಾರ್ಕಳದ ತನಕ ನಮ್ಮವರ ಮದುವೆಗಳಲ್ಲೆಲ್ಲ ಕೇಳಿಸತೊಡಗಿತು. ಎಲ್ಲೋ ಗದ್ದೆಯಾಚೆಯ ಚಪ್ಪರದ ಮೈಕಿನಿಂದ ಲೀನಾಳ ಸ್ವರ ಬಂದರೆ ಬಾಪ್ಪು ಒಂದೊಂದಾಗಿ ಕಿಟಕಿ ಮುಚ್ಚುತ್ತಿದ್ದರು. ಮಾವ್ಶಿ ಕೊಡ ಹಿಡಿದು ಬಾವಿಕಟ್ಟೆಗೆ ಹೋಗಿ, ಹಾಡು ಮುಗಿಯುವವರೆಗೆ ನೀರು ಸೇದದೆ ನಿಂತಿರುತ್ತಿದ್ದರು. ಆ ಬಗ್ಗೆ ಅವರಿಬ್ಬರೂ ಒಂದು ಮಾತನ್ನೂ ಆಡಿದ್ದು ನನಗೆ ನೆನಪಿಲ್ಲ. ಪಿಯಾನೋಗೆ ಬೀಗ ಬಿತ್ತು.

ನಾನು ಕಾಲೇಜಿಗೆ ಸೇರಿದ ವರ್ಷ ಒಂದು ಸಂಜೆ ಬಾಪ್ಪು ಇದ್ದಕ್ಕಿದ್ದಂತೆ ಕೇಳಿದರು: "ಅವಳಿಗೆ ಮೊದಲೇ ಜ್ವರ ಇತ್ತಾ? ನೀನು ಅವಳ ಒಟ್ಟಿಗೆ ಮಲಗುತ್ತಿದ್ದೆ, ಅಲ್ವಾ?"

"ನನಗೆ ಗೊತ್ತಾಗಲಿಲ್ಲ ಬಾಪ್ಪು" ಎಂದೆ.

ಅವರು ಅಂಗೈಗಳನ್ನೇ ನೋಡಿಕೊಂಡರು. "ನಾನಾದರೂ ಒಮ್ಮೆ ಮೈ ಮುಟ್ಟಿ ನೋಡಬೇಕಿತ್ತು" ಎಂದರು. ಮುಂದಿನ ಮಳೆಗಾಲ ಕಳೆಯುವುದರೊಳಗೆ ಹೃದಯಾಘಾತದಿಂದ ತೀರಿಕೊಂಡರು.

ಅವರ ತಿಂಗಳ ಪೂಜೆ ಮುಗಿದ ಮರುದಿನ ನನಗೆ ತಡೆಯಲಾಗಲಿಲ್ಲ. ಹೂ ಕಟ್ಟುತ್ತಿದ್ದ ಮಾವ್ಶಿಯ ಎದುರು ಕುಳಿತು ಎಲ್ಲ ಹೇಳಿಬಿಟ್ಟೆ. ಅವರು ಬೈಯಲಿಲ್ಲ, ಅಳಲಿಲ್ಲ. ಕಟ್ಟುತ್ತಿದ್ದ ಮೊಗ್ಗನ್ನು ಕೆಳಗಿಟ್ಟರು.

"ನನಗೆ ಗೊತ್ತಿತ್ತು. ಅವತ್ತು ಬೆಳಿಗ್ಗೆ ಅವಳಿಗೆ ಮಾತ್ರೆ ಕೊಟ್ಟು ಕಳಿಸಿದ್ದು ನಾನೇ. ಅವರು ಅಷ್ಟು ವರ್ಷ ಕಾದಿದ್ದರಲ್ಲ, ಒಂದು ದಿನ ಹಾಡಿದರೆ ಎಂತ ಆಗುತ್ತದೆ ಅಂತ ಗ್ರಹಿಸಿದೆ."

"ಬಾಪ್ಪುವಿಗೆ ಹೇಳಿದ್ದಿರಾ?"

"ನಾಳೆ ಹೇಳುವ, ನಾಳೆ ಹೇಳುವ ಅಂತಲೇ ಇದ್ದೆ."

ಅಷ್ಟು ವರ್ಷ ಒಂದೇ ಮೇಜಿನ ಸುತ್ತ ಗಂಜಿ ಉಂಡವರು ನಾವು. ಮಾವ್ಶಿ ಕೆಳಗಿಟ್ಟ ಮೊಗ್ಗನ್ನು ಮತ್ತೆ ಎತ್ತಿಕೊಂಡರು, ನಾನು ಬಾಳೆನಾರಿನ ಇನ್ನೊಂದು ತುದಿ ಹಿಡಿದೆ. ನಾವು ಆ ದಿನ ಆಡಿದ್ದನ್ನು ಕೇಳಬೇಕಾಗಿದ್ದವರು ಒಬ್ಬರೇ, ಅವರು ಮಾತ್ರ ಅಲ್ಲಿರಲಿಲ್ಲ.