ರಾಣಿ, ಆರು, ನಾಲ್ಕು

ಆ ಚೀಟಿಯನ್ನು ಬರೆದುಕೊಟ್ಟವನು ನಾನೇ. ಹಾಲಿನ ಮಾದರಿ ಬಾಟಲಿಗಳಿಗೆ ಅಂಟಿಸುವ ಲೇಬಲ್‌ನ ಹಿಂಬದಿಯಲ್ಲಿ, ನೀಲಿ ಪೆನ್ನಿನಲ್ಲಿ, ದಪ್ಪ ಅಕ್ಷರದಲ್ಲಿ: ರಾಣಿ, ಆರು, ನಾಲ್ಕು. ಅಷ್ಟೋ ಅದಕ್ಕಿಂತ ಮೇಲೋ ಇದ್ದರೆ ಆಡು, ಕೆಳಗಿದ್ದರೆ ಬಿಡು. ಕೆಳಗೆ ಎರಡು ಗೆರೆ ಎಳೆದಿದ್ದೆ. ಗೆರೆ ಎಳೆಯುವ ಅಗತ್ಯವಿರಲಿಲ್ಲ. ವಾದ ಗೆದ್ದ ಖುಷಿಗೆ ಎಳೆದದ್ದು.

ಸೌದಿಯ ಅಲ್ ಖರ್ಜ್‌ನ ಹಾಲಿನ ಕಾರ್ಖಾನೆಯೊಂದರ ಪರೀಕ್ಷಾಲಯದಲ್ಲಿ ನನಗೆ ಕೆಲಸ. ಕಂಪನಿಯ ಕೋಣೆಯಲ್ಲಿ ನಾವು ಮೂವರು ಕನ್ನಡದವರು. ಮೈಸೂರಿನ ನಾನು ಎಲ್ಲರಿಗಿಂತ ಚಿಕ್ಕವನು. ಉಡುಪಿ ಕಡೆಯ ಎಲೆಕ್ಟ್ರಿಷಿಯನ್ ಒಬ್ಬರಿದ್ದರು, ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಹತ್ತೊಂಬತ್ತು ವರ್ಷದಿಂದ ಈ ದೇಶದಲ್ಲಿದ್ದವರು. ಮೂರನೆಯವರು ಸ್ಟೋರ್ ನೋಡಿಕೊಳ್ಳುತ್ತಿದ್ದ ಬ್ಯಾರಿ ಹಿರಿಯರು, ಎಲ್ಲರಿಗೂ ಕಾಕ. ಐದು ಹೊತ್ತಿನ ನಮಾಜು, ಒಂದು ಹೊತ್ತಿನ ಅಡುಗೆ, ಉಳಿದ ಹೊತ್ತು ನಮ್ಮಿಬ್ಬರ ಜಗಳ ಬಿಡಿಸುವುದು ಅವರ ದಿನಚರಿ.

ಕಾಲೇಜಿನಲ್ಲಿ ನಾನು ಚರ್ಚಾಪಟು. ಚೀಟಿ ಎತ್ತಿ ಪರವೋ ವಿರೋಧವೋ ಎಂದು ಗೊತ್ತಾದ ಮೇಲೆ ಹತ್ತು ನಿಮಿಷದಲ್ಲಿ ಯಾವ ಪಕ್ಷಕ್ಕಾದರೂ ನಿಲ್ಲುವ ಅಭ್ಯಾಸ. ‘ಬೇಡ’ ಎಂಬ ಮಾತನ್ನು ಕಾರಣವಿಲ್ಲದೆ ಹೇಳುವವರ ಮೇಲೆ ನನಗೆ ಸಣ್ಣ ತಿರಸ್ಕಾರವಿತ್ತು. ಈಗಲೂ ಪೂರ್ತಿ ಹೋಗಿಲ್ಲ.

ಅಣ್ಣ ಫೈನಲ್ ಎಗ್ಸಿಟ್‌ಗೆ ಅರ್ಜಿ ಹಾಕಿದ ವಾರದಲ್ಲಿ ಇದೆಲ್ಲ ಶುರುವಾಯಿತು. ಫೈನಲ್ ಎಗ್ಸಿಟ್ ಎಂದರೆ ಇಕಾಮಾ ಎಂಬ ವಾಸದ ಪರವಾನಗಿ ಒಪ್ಪಿಸಿ, ಮತ್ತೆ ಬರುವುದಿಲ್ಲವೆಂದು ಹೊರಡುವುದು. ಊರಿನಲ್ಲಿ ಅವರು ಹದಿನೈದನೇ ವಯಸ್ಸಿಗೆ ಕೆಲಸ ಕಲಿತಿದ್ದ ಮೋಟರ್ ರಿವೈಂಡಿಂಗ್ ಅಂಗಡಿ ಮಾರಾಟಕ್ಕೆ ಬಂದಿತ್ತು. ಕಂಪನಿ ಕೊನೆಯಲ್ಲಿ ಕೊಡುವ ಗ್ರಾಚ್ಯುಟಿ ಆ ಅಂಗಡಿಯ ಬೆಲೆಯ ಅರ್ಧಕ್ಕೆ ಸರಿಯಾಗುತ್ತಿತ್ತು. ಉಳಿದರ್ಧ ಎಲ್ಲಿಂದ ಎಂದು ಕಾಕ ಕೇಳಿದಾಗ ಅಣ್ಣ ಚಪಾತಿ ಮುರಿಯುತ್ತಾ ಆರಾಮವಾಗಿ ಹೇಳಿದರು:

“ಗೋವಾಕ್ಕೆ ಹೋಗ್ತೇನೆ. ಅಲ್ಲಿ ಹಡಗಿನಲ್ಲಿ ಕ್ಯಾಸಿನೋ ಉಂಟಲ್ಲ, ಮೂರೆಲೆ ಪೋಕರ್ ಆಡಿಸ್ತಾರಂತೆ. ದೀಪಾವಳಿಗೆ ಮೂರೆಲೆಯಲ್ಲಿ ನನ್ನನ್ನು ಸೋಲಿಸಿದವ ನಮ್ಮ ಊರಲ್ಲೇ ಇಲ್ಲ.”

“ಹರಾಮ್,” ಎಂದರು ಕಾಕ. ಅಷ್ಟೇ. ಸಾರು ಬಡಿಸಿಕೊಂಡರು.

ನಾನು ನಕ್ಕೆ. “ಕಾಕ, ಅದು ವಾದ ಅಲ್ಲ. ಅವರಿಗೆ ಲೆಕ್ಕ ತೋರಿಸ್ಬೇಕು. ಲೆಕ್ಕ ನೋಡಿದ್ರೆ ತಾವೇ ಬಿಡ್ತಾರೆ.”

“ನೀ ತೋರ್ಸು ಮೋನೇ,” ಎಂದರು ಕಾಕ. “ನಂಗೆ ಒಂದು ಮಾತು ಸಾಕಾಗ್ತದೆ. ನಿಂಗೆ ಸಾವಿರ ಬೇಕು.”

ಮುಂದಿನ ಶುಕ್ರವಾರ ಊಟವಾದ ಮೇಲೆ ನಾವು ಕೂತೆವು. ಲಬನ್ ಎಂಬ ಮಜ್ಜಿಗೆಯ ಡಬ್ಬಗಳು ಬರುವ ರಟ್ಟಿನ ಪೆಟ್ಟಿಗೆಯೇ ಮೇಜು. ಎಲೆ ಹಂಚುವ ಡೀಲರ್ ನಾನು, ಪಣಕ್ಕೆ ಖರ್ಜೂರದ ಬೀಜ. ಕಾಕ ತಿಂದು ಎಸೆಯುತ್ತಿದ್ದ ಬೀಜಗಳನ್ನು ತೊಳೆದು, ಕಿಟಕಿಯ ಬಿಸಿಲಿಗೆ ಒಣಗಿಸಿ, ಜಾಮ್ ಬಾಟಲಿಯಲ್ಲಿ ತುಂಬಿಟ್ಟಿದ್ದೆ. ದುಡ್ಡಿನ ನೆರಳೂ ಇರಬಾರದೆಂದು ಕಾಕ ಷರತ್ತು ಹಾಕಿದ್ದರು. ಆ ಬೀಜಗಳು ತಮ್ಮವೇ ಎಂದು ಮಾತ್ರ ಕೊನೆಯವರೆಗೂ ಗೊಣಗುತ್ತಿದ್ದರು.

ಆಟ ಸರಳ. ಮೊದಲು ಒಂದು ಪಣ ಇಡಬೇಕು. ಆಟಗಾರನಿಗೆ ಮೂರು ಎಲೆ, ಡೀಲರ್‌ಗೆ ಮೂರು. ತನ್ನ ಎಲೆ ನೋಡಿದ ಮೇಲೆ ಆಟಗಾರ ಕೈ ಬಿಟ್ಟರೆ ಪಣ ಹೋಯಿತು. ಆಡುವುದಾದರೆ ಅಷ್ಟೇ ಮತ್ತೊಂದು ಪಣ ಸೇರಿಸಬೇಕು. ಆಮೇಲೆ ಡೀಲರ್ ತನ್ನ ಎಲೆ ತೆರೆಯುತ್ತಾನೆ. ಅವನ ಕೈ ಕನಿಷ್ಠ ರಾಣಿಯ ಮಟ್ಟದ್ದಲ್ಲದಿದ್ದರೆ ಅವನು ಆಟಕ್ಕೇ ಇಲ್ಲ: ಮೊದಲ ಪಣಕ್ಕೆ ಅಷ್ಟೇ ಗೆಲುವು ಸಿಗುತ್ತದೆ, ಎರಡನೆಯದು ಹಾಗೇ ವಾಪಸ್. ಇದ್ದರೆ ಯಾರದ್ದು ದೊಡ್ಡದೋ ಅವರಿಗೆ ಎರಡೂ.

ಮೊದಲ ಕೈಯಲ್ಲೇ ಅಣ್ಣ ಎಲೆ ಮುಟ್ಟದೆ ಎರಡನೇ ಬೀಜ ತಳ್ಳಿದರು.

“ಎಲೆ ನೋಡಿ ಅಣ್ಣ.”

“ಬ್ಲೈಂಡ್.”

“ಇಲ್ಲಿ ಬ್ಲೈಂಡ್ ಇಲ್ಲ.”

“ಎಂತ ಮಾರಾಯ, ಬ್ಲೈಂಡ್ ಇಲ್ಲದ ಮೂರೆಲೆ ಉಂಟನಾ? ನಾನು ಬ್ಲೈಂಡ್ ಹಾಕಿದ್ರೆ ಎದುರಿನವನಿಗೆ ಬೆವರು ಬರ್ತದೆ. ಎಲೆ ಒಳ್ಳೆದಿದ್ರೂ ಎಸೆದು ಎದ್ದು ಹೋಗ್ತಾನೆ.”

ನಮ್ಮ ಕಡೆ ಮೂರೆಲೆ ಆಡಿ ಬೆಳೆದವರೆಲ್ಲ ಮಾಡುವ ತಪ್ಪು ಇದು. ಊರಿನ ಆಟದಲ್ಲಿ ನೋಡದೆ ಆಡುವವನಿಗೆ ಅರ್ಧ ಪಣ, ನೋಡಿದವನಿಗೆ ಪೂರ್ತಿ. ಜೊತೆಗೆ ಎದುರಿನವನ ಹೆದರಿಕೆ ಇವನ ಬಂಡವಾಳ. ಕ್ಯಾಸಿನೋದ ಡೀಲರ್ ಸಂಬಳಕ್ಕೆ ನಿಂತವನು. ಅವನು ಎಲೆ ಎಸೆಯುವಂತಿಲ್ಲ, ಹೆದರುವಂತಿಲ್ಲ, ನಿಮ್ಮ ಮುಖ ನೋಡಬೇಕಾದ್ದೂ ಇಲ್ಲ. ಅಲ್ಲಿ ಧೈರ್ಯಕ್ಕೆ ಬೆಲೆಯಿಲ್ಲ. ಇದನ್ನು ಬಾಯಲ್ಲಿ ಹೇಳಿದರೆ ಅಣ್ಣ ಒಪ್ಪಲಿಲ್ಲ. ಬಾಟಲಿಯ ಅರ್ಧ ಬೀಜ ನನ್ನ ಕಡೆ ಬಂದ ಮೇಲೆ ಸುಮ್ಮನಾದರು.

ಆಗಲೇ ನಾನು ನಿಲ್ಲಿಸಬೇಕಿತ್ತು. ‘ನೋಡಿ, ಸೋತಿರಿ’ ಎಂದು ಎಲೆ ಕಟ್ಟಿಡಬೇಕಿತ್ತು. ಆದರೆ ದಡ್ಡನ ಹಾಗೆ ಆಡಿ ಸೋತದ್ದು ಆಟ ಕೆಟ್ಟದ್ದೆಂಬುದಕ್ಕೆ ಸಾಕ್ಷಿಯಾಗುವುದಿಲ್ಲ ಎಂದು ನನ್ನೊಳಗಿನ ತೀರ್ಪುಗಾರ ಹೇಳಿದ. ಎದುರಾಳಿಯ ವಾದವನ್ನು ಅದರ ಅತ್ಯುತ್ತಮ ರೂಪದಲ್ಲಿ ಎತ್ತಿಕೊಂಡು ಸೋಲಿಸಬೇಕು, ನಮಗೆ ಕಲಿಸಿದ್ದು ಹಾಗೆ. ಸರಿಯಾಗಿ ಆಡಿದರೂ ಸೋಲೇ ಎಂದು ತೋರಿಸಲು ಮೊದಲು ಸರಿಯಾಗಿ ಆಡುವುದನ್ನು ಕಲಿಸಿದೆ.

ಐವತ್ತೆರಡು ಎಲೆಯಿಂದ ಮೂರು ಎಲೆಯ ಕೈ ಇಪ್ಪತ್ತೆರಡು ಸಾವಿರದ ನೂರು ಬಗೆಯಲ್ಲಿ ಬರಬಹುದು. ನಾಲ್ಕರಲ್ಲಿ ಸುಮಾರು ಮೂರು ಸಲ ಒಂದು ಜೋಡಿಯೂ ಇರುವುದಿಲ್ಲ. ಹತ್ತರಲ್ಲಿ ಮೂರು ಸಲ ಡೀಲರ್‌ಗೆ ರಾಣಿಯ ಮಟ್ಟ ಸಿಗುವುದಿಲ್ಲ. ಇದನ್ನೆಲ್ಲ ಸೇರಿಸಿ ಕುದಿಸಿದರೆ ಉಳಿಯುವುದು ಒಂದೇ ನಿಯಮ: ರಾಣಿ, ಆರು, ನಾಲ್ಕು. ಹಾಗೆ ಆಡಿದರೂ ಇಟ್ಟ ಮೊದಲ ಪಣದ ನೂರರಲ್ಲಿ ಮೂರಕ್ಕಿಂತ ಹೆಚ್ಚು ಪಾಲು, ಸರಾಸರಿಯಲ್ಲಿ, ಮೇಜಿನವರದ್ದು. ಇದಕ್ಕಿಂತ ಚೆನ್ನಾಗಿ ಆಡುವ ವಿಧಾನ ಯಾರ ಬಳಿಯೂ ಇಲ್ಲ.

ಅಣ್ಣನಿಗೆ ಕೇಳಿಸಿದ್ದು ಕೊನೆಯ ವಾಕ್ಯ ಮಾತ್ರ.

ಮುಂದಿನ ಶುಕ್ರವಾರಗಳಲ್ಲಿ ಅವರು ಚೀಟಿಯನ್ನು ಪೆಟ್ಟಿಗೆಯ ಮೂಲೆಗೆ ಒರಗಿಸಿಟ್ಟು ಆಡತೊಡಗಿದರು. ಮೀಟರ್ ಓದುವವರ ಶ್ರದ್ಧೆ. ದೊಡ್ಡ ಎಲೆಯಾಗಿ ಗುಲಾಮ ಬಂದರೆ ಬಿಡುವುದು, ರಾಜ ಬಂದರೆ ಆಡುವುದು, ರಾಣಿ ಬಂದರೆ ಚೀಟಿ ನೋಡುವುದು. ಮೂರು ತಾಸು ಆಡಿದರೂ ಬೀಜ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತಿತ್ತು. ಇರಲೇಬೇಕು. ನೂರಕ್ಕೆ ಮೂರು ಎಂಬುದು ಒಂದು ಮಧ್ಯಾಹ್ನದಲ್ಲಿ ಕಣ್ಣಿಗೆ ಬೀಳುವ ನಷ್ಟವಲ್ಲ. ಒಂದು ದಿನವಂತೂ ಹನ್ನೊಂದು ಬೀಜ ಹೆಚ್ಚಾದವು.

“ನೋಡು,” ಎಂದು ಬಾಟಲಿ ಕುಲುಕಿದರು. “ಸೋಲ್ತೇನೆ ಅಂತ ಹೇಳ್ಲಿಕ್ಕೆ ಕೂತವ ನನ್ನನ್ನು ಗೆಲ್ಲಿಸಿದೆ.”

ಕಾಕ ಹಾಸಿಗೆಯಿಂದಲೇ ಹೇಳಿದರು: “ಹನ್ನೊಂದು ಬೀಜ ಗೆದ್ದದ್ದಾ? ನಾಳೆ ನೆಟ್ಟು ನೀರು ಹಾಕು. ಮೊಮ್ಮಗನ ಕಾಲಕ್ಕೆ ಖರ್ಜೂರ ಸಿಗ್ತದೆ.”

ನಗು ಬಂತು. ನಗುವಿನ ಜೊತೆಗೆ ಸೋತಂತೆಯೂ ಆಯಿತು. ಅಣ್ಣ ಹೊರಡಲು ಹತ್ತು ದಿನ ಉಳಿದಿತ್ತು. ನಾನು ಕೊನೆಯ ಅಸ್ತ್ರ ತೆಗೆದೆ. ಎದುರಾಳಿಯ ಮಾತನ್ನೇ ಹಿಡಿದು, ಎಳೆದು, ಅದು ಅಸಂಬದ್ಧವಾಗಿ ಕಾಣುವ ತುದಿಗೆ ಒಯ್ದು ನಿಲ್ಲಿಸುವ ವಿಧಾನ. ಸ್ಪರ್ಧೆಗಳಲ್ಲಿ ಅದು ನನ್ನನ್ನು ಎಂದೂ ಕೈಬಿಟ್ಟಿರಲಿಲ್ಲ.

“ಅಣ್ಣ, ನಿಮಗೆ ದುಡ್ಡು ಇಮ್ಮಡಿ ಆಗಬೇಕು ತಾನೆ? ಹಾಗಿದ್ರೆ ಹೀಗೆ ಚಿಕ್ಕ ಚಿಕ್ಕದಾಗಿ ಆಡಬೇಡಿ. ಜಾಸ್ತಿ ಹೊತ್ತು ಆಡಿದಷ್ಟೂ ಆ ನೂರಕ್ಕೆ ಮೂರು ನಿಮ್ಮನ್ನ ಅರೆದು ಹಾಕುತ್ತೆ. ಸೋಲೋ ಆಟದಲ್ಲಿ ಇಮ್ಮಡಿ ಮಾಡೋಕೆ ಇರೋ ಅತ್ಯುತ್ತಮ ದಾರಿ ಒಂದೇ. ಹತ್ತೊಂಬತ್ತು ವರ್ಷದ್ದನ್ನೆಲ್ಲ ಒಂದೇ ಕೈಗೆ ಇಡಿ. ಅರ್ಧ ಮೊದಲ ಪಣ, ಅರ್ಧ ಎರಡನೇದು. ಲೆಕ್ಕ ಹೇಳೋದು ಅದನ್ನೇ. ಇಡ್ತೀರಾ? ಧೈರ್ಯ ಇದೆಯಾ?”

ಅಣ್ಣ ಕೈಯಲ್ಲಿದ್ದ ಎಲೆಗಳನ್ನು ಜೋಡಿಸಿ, ಅಂಚು ತಟ್ಟಿ, ಪೆಟ್ಟಿಗೆಯ ಮೇಲಿಟ್ಟು, ಚಹಾ ಮಾಡಲು ಎದ್ದರು.

ಚರ್ಚೆಯಲ್ಲಿ ಎದುರಾಳಿ ಸುಮ್ಮನಾದರೆ ಅಂಕ ನಮಗೆ. ನಾನು ಕಾಕನ ಕಡೆ ನೋಡಿ ಹುಬ್ಬು ಹಾರಿಸಿದೆ. ಕಾಕ ಹುಬ್ಬು ಹಾರಿಸಲಿಲ್ಲ.

ಮತ್ತೆ ಅವರು ಎಲೆ ಕೇಳಲಿಲ್ಲ. ಅದೂ ನನ್ನ ಗೆಲುವಿಗೆ ಸಾಕ್ಷಿಯೆಂದುಕೊಂಡೆ. ರಿಯಾದ್‌ನ ಬತ್ಹಾ ಪೇಟೆಗೆ ಹೋಗಿ ಹೊದಿಕೆ, ಟಾರ್ಚು, ಅತ್ತರು ಎಲ್ಲ ಕೊಂಡು ತಂದರು. ಪೆಟ್ಟಿಗೆಗೆ ಹಗ್ಗ ಕಟ್ಟಲು ನಾನೇ ಮೊಣಕಾಲು ಒತ್ತಿ ಹಿಡಿದೆ. ಹೊರಡುವಾಗ ಪರ್ಸ್ ತೆರೆದು ತಮ್ಮ ಪಾಸ್‌ಪೋರ್ಟ್ ಫೋಟೋ ಒಂದನ್ನು ಕಾಕನಿಗೆ ಕೊಟ್ಟರು. ಅದೇ ಪರ್ಸಿನಲ್ಲಿ ನೀಲಿ ಅಕ್ಷರದ ಲೇಬಲ್ ಮಡಚಿಟ್ಟಿತ್ತು. ನೋಡಿದೆ. ನೆನಪಿಗೆ ಇಟ್ಟುಕೊಂಡಿದ್ದಾರೆ ಎಂದುಕೊಂಡೆ.

ಊರು ಮುಟ್ಟಿದ ದಿನ ಒಂದು ಸಂದೇಶ ಬಂತು. ಆಮೇಲೆ ಏನೂ ಇಲ್ಲ. ಕಾಕ ಎರಡು ಮೂರು ಸಲ ಕರೆ ಮಾಡಿದರು, ಎತ್ತಲಿಲ್ಲ. ಹೊಸ ಅಂಗಡಿ, ಕೆಲಸ ಜಾಸ್ತಿ ಇರಬೇಕು ಎಂದೆ ನಾನು. ಅವರ ಮಂಚಕ್ಕೆ ಬೇರೆಯವರು ಬಂದರು.

ಏಳೆಂಟು ತಿಂಗಳ ನಂತರ ಒಂದು ಶುಕ್ರವಾರ ಮಧ್ಯಾಹ್ನ ನನ್ನ ಫೋನಿಗೆ ಸೌದಿ ಸಂಖ್ಯೆಯಿಂದ ಕರೆ ಬಂತು.

“ಎಂತ ಮಾರಾಯ, ಊಟ ಆಯ್ತಾ? ನಾನು ಜಿಜಾನ್‌ನಲ್ಲಿದ್ದೇನೆ.”

ಜಿಜಾನ್ ಸೌದಿಯ ದಕ್ಷಿಣ ತುದಿಯ ಬಂದರು. ಆ ಒಂದೇ ಪದದಲ್ಲಿ ದುಡ್ಡು ಹೋದದ್ದು ತಿಳಿದುಹೋಯಿತು. ವೀಸಾ ಕೊಡಿಸಿದ ಹೊಸ ಕಫೀಲ್, ಹೊಸ ಇಕಾಮಾ, ಬಂದರಿನ ಕೆಲಸ, ಮೊದಲಿಗಿಂತ ಕಡಿಮೆ ಸಂಬಳ. ವಯಸ್ಸಾಗಿದೆಯೆಂದು ಹೆಲ್ಪರ್ ದರ್ಜೆಯಲ್ಲಿ ತೆಗೆದುಕೊಂಡಿದ್ದರು. ಕೈಕೆಳಗೆ ಹತ್ತು ಜನರಿದ್ದ ಮನುಷ್ಯ.

ಗೋವಾದಲ್ಲಿ ನಡೆದದ್ದನ್ನೂ ಅವರೇ ಹೇಳಿದರು, ಸಿಟ್ಟಿಲ್ಲದೆ, ಕೆಟ್ಟ ಮೋಟರಿನ ಕಥೆ ಹೇಳಿದ ಹಾಗೆ.

“ಬೆಳಿಗ್ಗೆ ಹನ್ನೊಂದಕ್ಕೇ ಹೋದೆ. ನೀ ಹೇಳಿದ ಹಾಗೆ ಒಂದೇ ಕೈಗೆ ಇಡ್ಲಿಕ್ಕೆ ಅವರು ಬಿಡ್ಲಿಲ್ಲ. ಮೇಜಿಗೊಂದು ಮಿತಿ ಉಂಟಂತೆ. ಹಾಗೆ ಮಿತಿ ಇದ್ದಷ್ಟೇ ಇಟ್ಟೆ ಪ್ರತಿ ಸಲ. ಒಂದು ಗೆದ್ದೆ, ಜೋಡಿ ಬಂದಿತ್ತು. ಆಮೇಲೆ ನಾಲ್ಕೈದು ಹೋಯ್ತು. ಕಡೆಗೆ ಒಂದು ಕೈಗೆ ಸಾಕಾಗುವಷ್ಟು ಉಳಿದಿತ್ತು. ಅರ್ಧ ಇಟ್ಟೆ. ಎಂತ ಬಂತು ಗೊತ್ತುಂಟಾ? ರಾಣಿ, ಆರು, ಮೂರು.”

ನಾನು ಕಣ್ಣು ಮುಚ್ಚಿದೆ.

“ಚೀಟಿ ತೆಗೆದು ನೋಡಿದೆ. ಒಂದು ಕಡಿಮೆ ಉಂಟು. ಬಿಟ್ಟೆ. ಪಕ್ಕದವ ಆಡಿದ್ದ, ಹಾಗಾಗಿ ಡೀಲರ್ ಹುಡುಗಿ ಎಲೆ ತೆರೆದ್ಳು. ಗುಲಾಮ, ಒಂಬತ್ತು, ಎರಡು. ಅವಳು ಆಟಕ್ಕೇ ಇಲ್ಲ. ಆಡಿದ್ರೆ ಬರ್ತಿತ್ತು.”

“ಆಮೇಲೆ?”

“ಆಮೇಲೆಂತ? ಉಳಿದದ್ದನ್ನು ಬ್ಲೈಂಡ್ ಹಾಕಿದೆ. ಅವಳೇ ನನ್ನ ಎಲೆ ತಿರುಗಿಸಿದ್ಳು. ನಾನು ನೋಡ್ಲಿಲ್ಲ.”

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ನನ್ನ ಬಳಿ ಉತ್ತರವಿತ್ತು. ಸೋಲುತ್ತೀರೆಂದು ಮೊದಲ ದಿನವೇ ಹೇಳಿದ್ದೆ, ಒಂದೇ ಕೈಗೆ ಇಡಿ ಎಂದದ್ದು ಸವಾಲು, ಸಲಹೆಯಲ್ಲ, ಧ್ವನಿ ಕೇಳಿದ ಯಾರಿಗಾದರೂ ಗೊತ್ತಾಗುತ್ತಿತ್ತು. ಒಂದೊಂದೂ ಸರಿಯಾದ ಉತ್ತರ. ಒಂದೂ ಬೇಕಾಗಲಿಲ್ಲ.

“ಒಂದೇ ಕೇಳ್ಬೇಕಿತ್ತು ನಿನ್ನತ್ರ,” ಎಂದರು. “ರಾಣಿ, ಆರು, ಮೂರು. ಬಿಟ್ಟದ್ದು ಸರಿಯಲ್ವಾ?”

ನಾನು ಅವರಿಗೆ ಎಂದೂ ಹೇಳದೆ ಉಳಿಸಿಕೊಂಡ ಸಂಗತಿ ಇದು. ರಾಣಿ, ಆರು, ನಾಲ್ಕಕ್ಕೂ ರಾಣಿ, ಆರು, ಮೂರಕ್ಕೂ ನಡುವಿನ ಗೆರೆ ಕೂದಲಿಗಿಂತ ತೆಳು. ಅಲ್ಲಿ ಬಿಟ್ಟರೂ ಆಡಿದರೂ ಲೆಕ್ಕದ ಮಟ್ಟಿಗೆ ಹೆಚ್ಚುಕಡಿಮೆ ಒಂದೇ. ಆಡಿದರೆ ಆಗುವ ಹೆಚ್ಚಿನ ನಷ್ಟ ಪಣದ ನೂರನೇ ಒಂದು ಪಾಲನ್ನೂ ಮುಟ್ಟುವುದಿಲ್ಲ. ಅದನ್ನು ಹೇಳಿದ್ದರೆ ನಿಯಮ ಸಡಿಲವಾಗಿ ಕಾಣುತ್ತಿತ್ತು. ಸಡಿಲವಾಗಿ ಕಾಣುವ ಮಾತಿಗೆ ಅಂಕ ಬರುವುದಿಲ್ಲ. ಆದ್ದರಿಂದ ದಪ್ಪ ಅಕ್ಷರ, ಕೆಳಗೆ ಎರಡು ಗೆರೆ.

“ಬಿಡೋದೇ ಸರಿ ಅಣ್ಣ,” ಎಂದೆ.

“ಹಾಂ.” ಅವರ ಉಸಿರು ಹಗುರಾದದ್ದು ಕೇಳಿಸಿತು. “ಹಾಗಾದ್ರೆ ಪರವಾಗಿಲ್ಲ. ನಾನು ತಪ್ಪು ಮಾಡಿದೆನಾ ಅಂತ ಏಳು ತಿಂಗಳಿಂದ ತಲೆಯಲ್ಲಿ ಇತ್ತು.” ಆಮೇಲೆ ಉತ್ಸಾಹದಿಂದ: “ಇಲ್ಲಿ ನನ್ನ ರೂಮಿನಲ್ಲಿ ನಾಲ್ಕು ಜನ ಇದ್ದಾರೆ, ಮೂರೆಲೆ ಆಡ್ತಾರೆ. ಎಲ್ಲ ಬ್ಲೈಂಡ್. ಒಬ್ಬ ಮುಂದಿನ ತಿಂಗಳು ಊರಿಗೆ ಹೋಗ್ತಾನೆ, ಗೋವಾ ಅಂತಿದ್ದಾನೆ. ನಿನ್ನ ಚೀಟಿ ಅವನಿಗೆ ಬರೆದುಕೊಟ್ಟಿದ್ದೇನೆ. ಹುಚ್ಚುಚ್ಚಾಗಿ ಆಡುವುದಕ್ಕಿಂತ ಒಳ್ಳೆದಲ್ವಾ?”

“ಬೇಡ,” ಎಂದೆ. “ಕೊಡಬೇಡಿ ಅಣ್ಣ. ವಾಪಸ್ ತಗೊಳ್ಳಿ.”

“ಯಾಕೆ ಮಾರಾಯ? ಲೆಕ್ಕ ಸರಿ ಉಂಟಲ್ಲ?”

ಲೆಕ್ಕ ಸರಿ ಇತ್ತು. ಪಕ್ಕದಲ್ಲಿ ಕಾಕ ಖರ್ಜೂರ ತಿನ್ನುತ್ತಾ ನನ್ನ ಮುಖವನ್ನೇ ನೋಡುತ್ತಿದ್ದರು. ಅವರ ಹಾಗೆ ಒಂದೇ ಪದದಲ್ಲಿ ನಿಲ್ಲಿಸಲು ನನಗೆ ಬರಲಿಲ್ಲ, ಆ ಪದಕ್ಕೆ ಬೇಕಾದ ನಂಬಿಕೆ ನನ್ನಲ್ಲಿರಲಿಲ್ಲ. ಸಾವಿರ ಪದಗಳಿದ್ದವು. ಎಲ್ಲವನ್ನೂ ಅವರಿಗೆ ಮೊದಲೇ ಹೇಳಿ ಆಗಿತ್ತು.

“ಹಲೋ? ಹಲೋ?” ಎನ್ನುತ್ತಿದ್ದರು ಅಣ್ಣ. ಆಮೇಲೆ, ಫೋನಿನಿಂದ ದೂರ ಯಾರಿಗೋ: “ನೆಟ್‌ವರ್ಕ್ ಹೋಯ್ತು ಕಾಣ್ತದೆ. ಇರ್ಲಿ, ನೀ ಚೀಟಿ ಜೋಪಾನ ಇಟ್ಕೋ.”