ಅಮಾತೆಪ್ಪ ತೆಗೆದ ಬಿರುಕಿನ ಚಿತ್ರಗಳು

ಅಮಾತೆಪ್ಪ ಕಾಲುವೆಯಲ್ಲಿ ದಿನಗೂಲಿಯವನು. ಸುರಪುರದಾಚೆ, ನಮ್ಮೂರಿನ ಹೊಲಗಳಿಗೆ ನೀರು ಬಿಡುವ ತೂಬುಗಳನ್ನು ತೆರೆದು ಮುಚ್ಚುವುದು ಅವನ ಕೆಲಸ. ದಿನಕ್ಕೆ ಹತ್ತು ಕಿಲೋಮೀಟರ್ ದಂಡೆಯ ಮೇಲೆ ನಡೆಯುತ್ತಿದ್ದ, ನಡೆಯುತ್ತ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದ. ಅವನ ಫೋನಿನಲ್ಲಿ ಮನುಷ್ಯರ ಮುಖಗಳು ಅಪರೂಪ. ಎರೆಮಣ್ಣು ಒಣಗಿ ಒಡೆದ ಬಗೆ, ಕೆಸರಿನಲ್ಲಿ ಕೊಕ್ಕರೆಯ ಹೆಜ್ಜೆ, ಶಹಾಪುರದಲ್ಲಿ ಲಾರಿಗೆ ಪೇರಿಸಿದ ಹತ್ತಿ ಅಂಡಿಗೆಗಳು, ಯಾದಗಿರಿ ಸ್ಟೇಷನ್ನಿನ ತಗಡಿನ ಗೆರೆಗಳು, ಹೊಳೆದಂಡೆಯಲ್ಲಿ ಒಣಹಾಕಿದ ಬಲೆ. ಎಲ್ಲದರಲ್ಲೂ ಅವನಿಗೆ ಒಂದೇ ಕೈ ಬರೆದ ಗೆರೆ ಕಾಣುತ್ತಿತ್ತು.

"ದೇವು, ಇದು ಏನು ಹೇಳು ನೋಡೂಣು" ಎಂದು ಒಮ್ಮೆ ಫೋನು ಹಿಡಿದ.

"ಒಣಗಿದ ಎರಿ ಮಣ್ಣು."

"ನಮ್ಮವ್ವನ ಹಿಮ್ಮಡಿ. ಆಕಿಗೆ ಹೇಳಬ್ಯಾಡ, ಬೈತಾಳ."

ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ನಾನು ಊರ ಶಾಲೆಯ ಮಾಸ್ತರನಾದೆ. ಅವನು ಮದುವೆಯಾಗದೆ ತಾಯಿ ಅಯ್ಯಮ್ಮನ ಜೊತೆ ಉಳಿದ.

ಈ ಬೇಸಿಗೆಯಲ್ಲಿ ಅವನು ಊರ ಹಿಂದಿನ ಗುಡ್ಡ ಹತ್ತಿ ಅಲ್ಲಿನ ದೊಡ್ಡ ಗುಂಡುಕಲ್ಲಿನ ಫೋಟೋ ತಂದ. ನಮ್ಮ ಕಡೆಯ ಗುಡ್ಡಗಳೆಲ್ಲ ಹಾಗೇ, ಒಂದರ ಮೇಲೊಂದು ಇಟ್ಟಂಥ ಬಂಡೆಗಳು. ಈ ಗುಂಡಿನ ನಡುವೆ ಒಂದು ಬಿರುಕು ಮೇಲೇರಿ ಐದಾಗಿ ಕವಲೊಡೆದಿತ್ತು. ಬೆಳಗಿನ ಓರೆ ಬಿಸಿಲಿನಲ್ಲಿ ಅದು ಥೇಟ್ ಐದು ಹೆಡೆ. ನಾನು ನಗುತ್ತ ಅದನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ಕೆಳಗೆ ಬರೆದೆ: "ನಾಗಪ್ಪ ಮೂಡ್ಯಾನ."

ಬರೆದವನು ನಾನು. ಅವನಲ್ಲ.

ಮೊದಲ ಶುಕ್ರವಾರ ಇಬ್ಬರು ಹೆಂಗಸರು ಹಾಲು ತಗೊಂಡು ಹೋದರು. ಮೂರನೆಯದಕ್ಕೆ ನಲವತ್ತು ಜನ. ಇಳಿಜಾರಿನಲ್ಲಿ ನಿಲ್ಲಲು ಜಾಗ ಸಾಲದಾಯಿತು. ಊರಿನ ಹಿರಿಯ ಬಸವಂತ್ರಾಯರು ಮುಂದೆ ನಿಂತು ನೆಲ ಅಗೆಸಿ ಕಟ್ಟೆ ಕಟ್ಟಿಸಿದರು. ದೇವರ ಕಟ್ಟೆಗೆ ಹೊರಗಿನ ಕಲ್ಲು ತರಬಾರದೆಂದು, ಗುಂಡಿನ ಬುಡಕ್ಕೆ ಬೆಣೆಯಂತೆ ಸಿಕ್ಕಿಕೊಂಡಿದ್ದ ಕಲ್ಲುಗಳನ್ನೇ ಹಾರೆಯಿಂದ ಎಬ್ಬಿಸಿ ಜೋಡಿಸಿದರು. ಅಮಾತೆಪ್ಪ ಅಂದು ನೀರು ಬಿಡಲು ಹೋಗಿದ್ದ. ಸಂಜೆ ಬಂದು ಕಲ್ಲು ಕಿತ್ತ ಜಾಗಗಳಿಗೆ ಕೈ ಹಾಕಿ ನೋಡಿದ.

ಕಾಲುವೆಯ ಗೋಡೆ ಬಿರಿದರೆ ಅಲ್ಲಿನವರು ಬಿರುಕಿಗೆ ಅಡ್ಡವಾಗಿ ಬೆರಳಗಲ ಸಿಮೆಂಟ್ ಪಟ್ಟಿ ಮೆತ್ತಿ ತಾರೀಖು ಬರೆಯುತ್ತಾರೆ. ಪಟ್ಟಿ ಒಡೆದರೆ ಗೋಡೆ ಸರಿಯುತ್ತಿದೆ ಎಂದರ್ಥ. ಅಮಾತೆಪ್ಪ ಗುಂಡಿನ ಬಿರುಕಿಗೂ ಅಂಥದೊಂದು ಮೆತ್ತಿದ. ಒಂಬತ್ತು ದಿನಕ್ಕೆ ಒಡೆಯಿತು. ಇನ್ನೊಂದು ಮೆತ್ತಿದ. ಅದು ನಾಲ್ಕು ದಿನ ಉಳಿಯಿತು.

"ನಾಗಪ್ಪಗ ಸಿಮಿಟು ಹಚ್ಚತಿಯೇನಲೇ? ಅದೇನು ನಿನ್ನ ಕಾಲುವಿ?" ಎಂದರು ಬಸವಂತ್ರಾಯರು.

"ಕಾಕಾ, ಗುಂಡು ಸರಿಯಾಕತ್ತದ. ನೋಡ್ರಿ, ಇದು ಹ್ವಾದ ತಿಂಗಳದ ಫೋಟೋ, ಇದು ನಿನ್ನಿದು. ಒಂದs ಜಾಗಾದಾಗ ನಿಂತು ತೆಗದೀನಿ. ಇಲ್ಲಿ ಕಡ್ಡಿ ಹೋಗತಿದ್ದಿಲ್ಲ, ಈಗ ಕೈ ಹೋಗತದ."

ಪೂಜೆಯ ಮುಂದಾಳು ಮೌನಮ್ಮ ಫೋನು ಇಸಿದುಕೊಂಡು ಎರಡೂ ಚಿತ್ರಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಫೋನಿಗೇ ಕೈಮುಗಿದಳು. "ಖರೇನ ಅದ. ಹೆಡಿ ಬಿಚ್ಚಾಕತ್ತಾನ."

ಆ ಎರಡು ಚಿತ್ರಗಳು ಶಹಾಪುರದ ತನಕ ಹೋದವು. ಮುಂದಿನ ಶುಕ್ರವಾರ ಜೀಪು ಮಾಡಿಕೊಂಡು ಮಂದಿ ಬಂದರು.

"ತೋರಿಸಿದಷ್ಟೂ ಬರತಾರ. ಫೋಟೋನs ತೆಗಿಬಾರದಾಗಿತ್ತು" ಎಂದ ಅಮಾತೆಪ್ಪ ನನಗೆ. ಬೈಯಲಿಲ್ಲ. ನಾನು ಗುಂಪಿನಲ್ಲಿ, "ನಗೆಚಾಷ್ಟಿಗೆ ಬರೆದಿದ್ದೆ, ಅದು ಬರೀ ಬಿರುಕು" ಎಂದು ಹಾಕಿದೆ. "ಮಾಸ್ತರಿಗೆ ದೇವರಂದ್ರ ಚಾಷ್ಟಿ" ಎಂದು ಯಾರೋ ಉತ್ತರಿಸಿದರು. ಅದಕ್ಕೆ ಮೂವತ್ತು ಜನ ಹೆಬ್ಬೆರಳು ಒತ್ತಿದ್ದರು.

ನಾಗರ ಪಂಚಮಿಗೆ ಊರಿನ ಹೆಂಗಸರೆಲ್ಲ ಮಕ್ಕಳೊಂದಿಗೆ ಆ ಕಟ್ಟೆಗೇ ಹಾಲೆರೆಯುವುದೆಂದು ನಿಶ್ಚಯವಾಯಿತು. ಹಿಂದಿನ ಎರಡು ದಿನ ಬಿಡದೆ ಮಳೆ. ಅಮಾತೆಪ್ಪ ಯಾರ ಜೊತೆಗೂ ವಾದಿಸದೆ ಜಾಲಿ ಕಂಟಿ ಕಡಿದು ಹೊರೆ ಕಟ್ಟಿಟ್ಟ. ಕಟ್ಟೆಯ ತುಂಬ ಮುಳ್ಳು ಹರವಿದರೆ ಕೂಸು ಎತ್ತಿಕೊಂಡವರು ಕಾಲಿಡಲಾರರು ಎಂಬುದು ಅವನ ಲೆಕ್ಕ.

"ನಸೀಕಿನ್ಯಾಗ ಬಾ. ಎರಡು ಹೊರಿ ಅದಾವ" ಎಂದಿದ್ದ.

"ಪಂಚಮಿ ಉಂಡಿ ತಿಂದು ಬರತೀನಿ" ಎಂದಿದ್ದೆ.

ಏಳೂವರೆಗೆ, ನಾನಿನ್ನೂ ಮನೆಯಲ್ಲೇ ಇದ್ದಾಗ, ಕಾಲಡಿಯ ನೆಲ ಅಲುಗಿತು. ಆಮೇಲೆ ಸದ್ದು. ಹೊರಗೆ ಬಂದಾಗ ಓಣಿಯ ತುಂಬ ಹೆಂಗಸರು ಹಾಲಿನ ಗಿಂಡಿ ಹಿಡಿದು ಗುಡ್ಡದ ಕಡೆ ಮುಖ ಮಾಡಿ ನಿಂತಿದ್ದರು. ಕಾಲುದಾರಿ ಹತ್ತಲು ಇನ್ನೂ ಇಪ್ಪತ್ತು ಹೆಜ್ಜೆ ಇತ್ತು. ಮೌನಮ್ಮ ಕೆಸರಿನಲ್ಲೇ ಕುಸಿದು ಕೂತಳು. ಅವನ ಎರಡನೆಯ ಹೊರೆ ಕಟ್ಟೆಯಾಚೆ ಬಿಚ್ಚದೆ ಬಿದ್ದಿತ್ತು. ಕಲ್ಲಿನಡಿಯಿಂದ ಅವನನ್ನು ಹೊರತೆಗೆಯಲು ಮಧ್ಯಾಹ್ನವಾಯಿತು.

ಉರುಳಿದ್ದು ಗುಂಡಿನ ಅರ್ಧ ಮಾತ್ರ. ಇನ್ನರ್ಧ ಮೇಲೆ ಓರೆಯಾಗಿ ನಿಂತಿದೆ. ಮುಳ್ಳು ಹಾಕಿದ್ದಕ್ಕೆ ನಾಗಪ್ಪ ಅವನನ್ನು ತಗೊಂಡ ಎಂಬ ಮಾತು ಮೂರನೆಯ ದಿನಕ್ಕೇ ಹುಟ್ಟಿತು. ಶುಕ್ರವಾರ ಆ ಅರ್ಧದ ಬುಡದಲ್ಲಿ ಒಡೆದ ತೆಂಗಿನಕಾಯಿ ಕಂಡವು.

ಮರುದಿನ ಅಯ್ಯಮ್ಮ ಕಾಲುದಾರಿಯ ಬಾಯಿಗೆ ಹೋಗಿ ಅಡ್ಡಲಾಗಿ ಕೂತಳು. ಬಸವಂತ್ರಾಯರು ಬಂದರು.

"ಅಯ್ಯಮ್ಮ, ಏಳವ್ವಾ. ಮಂದಿಗಿ ಹಾದಿ ಬಿಡು."

"ದಾಟಿ ಹೋಗ್ರಿ, ರಾಯರ. ಮಗನ್ನ ಮಣ್ಣಿಗಿ ಇಟ್ಟಾಕಿ ನಾನು. ನನ್ನ ಮ್ಯಾಲೆ ಕಾಲಿಟ್ಟು ಹೋಗ್ರಿ."

ಅವರು ತಿರುಗಿ ಹೋದರು.

ಶಾಲೆಗೆ ಹೋಗುವ ಮುಂಚೆ ಅವಳಿಗೆ ರೊಟ್ಟಿ ಒಯ್ಯುತ್ತೇನೆ. ಮೇಲಿಂದ ಒಮ್ಮೊಮ್ಮೆ ಸಣ್ಣ ಹರಳು ಉರುಳಿ ಬರುತ್ತವೆ. ಅವಳು ತಿರುಗಿ ನೋಡುವುದಿಲ್ಲ, ಓಣಿಯ ಕಡೆಗೇ ನೋಡುತ್ತಾಳೆ. ಇಲ್ಲಿಯವರೆಗೆ ಅವಳನ್ನು ಯಾರೂ ದಾಟಿಲ್ಲ. ಶ್ರಾವಣದಲ್ಲಿ ಇನ್ನೂ ಎರಡು ಶುಕ್ರವಾರಗಳಿವೆ.